ಮನೆ ಡೇ ಕೇರ್‌ನಲ್ಲಿ ಒಬ್ಬರ ಕೈಗೆ ಎಷ್ಟು ಮಕ್ಕಳು?

ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವವರು ಒಂದೇ ಹೊತ್ತಿಗೆ ಎಷ್ಟು ಮಕ್ಕಳನ್ನು ಇಟ್ಟುಕೊಳ್ಳಬಹುದು? ಇಂಗ್ಲೆಂಡಿನಲ್ಲಿ 8 ವರ್ಷದೊಳಗಿನ 6 ಮಕ್ಕಳು. ಅವರಲ್ಲಿ 5 ವರ್ಷದವರೆಗಿನ ಚಿಕ್ಕವರು 3, ಆ ಮೂವರಲ್ಲಿ ವರ್ಷ ತುಂಬದ ಕೂಸು ಒಂದೇ. ಸ್ವಂತ ಮಕ್ಕಳೂ ಈ ಲೆಕ್ಕದಲ್ಲೇ ಬರುತ್ತಾರೆ. ಫ್ರಾನ್ಸಿನಲ್ಲಿ ಸಾಮಾನ್ಯವಾಗಿ 4, ಜರ್ಮನಿಯಲ್ಲಿ 5. ಜಪಾನಿನಲ್ಲಿ 3, ಜೊತೆಗೆ ಸಹಾಯಕರಿದ್ದರೆ 5. ಹೀಗೆ ಒಂದು ಸಂಖ್ಯೆಯನ್ನು ಕಾನೂನೇ ಗಟ್ಟಿಯಾಗಿ ಹೇಳಬೇಕೇ?

ಪರ: ಗೆರೆ ಬೇಕೇ ಬೇಕು, ಅದು ಸಡಿಲವಾಗಬಾರದು

ಮನೆಗೆ ಬೆಂಕಿ ಹೊತ್ತಿದರೆ ಒಬ್ಬರು ಎಷ್ಟು ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಬಹುದು? ನಡೆಯಲು ಬಾರದ ಕೂಸುಗಳಾದರೆ ಎರಡು. ಮೂರನೆಯದಕ್ಕಾಗಿ ಮತ್ತೆ ಹೊಗೆಯೊಳಗೆ ಹೋಗಬೇಕು. ಅಮೆರಿಕದ ಎನ್‌ಎಫ್‌ಪಿಎ 101 ಎಂಬ ಅಗ್ನಿ ಸುರಕ್ಷತಾ ನಿಯಮಾವಳಿಯ ಪ್ರಕಾರವೂ ಮನೆ ಡೇ ಕೇರ್‌ನಲ್ಲಿ ಒಬ್ಬರಿಗೆ ಹೆಚ್ಚೆಂದರೆ 6 ಮಕ್ಕಳು, ಅವರಲ್ಲಿ ತಾವಾಗಿ ಹೊರಗೆ ಬರಲಾರದವರು ಇಬ್ಬರನ್ನು ಮೀರಬಾರದು. ಪ್ರೀತಿ, ಅನುಭವ, ಒಳ್ಳೆಯ ಹೆಸರು ಯಾವುದೂ ಇಲ್ಲಿ ನೆರವಿಗೆ ಬರುವುದಿಲ್ಲ. ಇರುವುದು ಎರಡೇ ಕೈ.

ಬೆಂಕಿ ಅಪರೂಪ, ಸರಿ. ದಿನದಿನದ ಕೆಲಸವನ್ನೇ ನೋಡೋಣ. ಒಂದು ಮಗುವಿನ ಡೈಪರ್ ಬದಲಿಸಿ, ಒರೆಸಿ, ಕೈ ತೊಳೆದುಕೊಂಡು ಬರುವಷ್ಟರಲ್ಲಿ ಕೆಲವು ನಿಮಿಷ ಕಳೆದಿರುತ್ತದೆ. ಅಷ್ಟು ಹೊತ್ತೂ ಉಳಿದವರ ಮೇಲೆ ಕಣ್ಣಿಲ್ಲ, ಕಿವಿ ಮಾತ್ರ. ಆದರೆ ಕಿವಿಯನ್ನು ನಂಬುವಂತಿಲ್ಲ. ಗಂಟಲು ಪೂರ್ತಿ ಕಟ್ಟಿಕೊಂಡ ಮಗುವಿಗೆ ಅಳಲೂ ಆಗುವುದಿಲ್ಲ, ಕೆಮ್ಮಲೂ ಆಗುವುದಿಲ್ಲ. ಬಕೆಟ್ ನೀರಿಗೆ ತಲೆಕೆಳಗಾಗಿ ಬಿದ್ದ ಮಗುವಿನ ಸದ್ದೂ ಕೇಳಿಸದೇ ಹೋಗಬಹುದು. ಮಕ್ಕಳು ಹೆಚ್ಚಿದಷ್ಟೂ ಕಣ್ಣು ತಪ್ಪುವ ನಿಮಿಷಗಳು ಹೆಚ್ಚುತ್ತವೆ. ದೊಡ್ಡ ಡೇ ಕೇರ್ ಕೇಂದ್ರದಲ್ಲಾದರೆ ಒಂದು ಕೂಗು ಹಾಕಿದರೆ ಪಕ್ಕದ ಕೋಣೆಯಿಂದ ಇನ್ನೊಬ್ಬರು ಬರುತ್ತಾರೆ. ಮನೆಯಲ್ಲಿ ಕೂಗಿದರೆ ಬರುವವರು ಯಾರು? ನೋಡಿಕೊಳ್ಳುವವರೇ ತಲೆಸುತ್ತಿ ಬಿದ್ದರೂ ಹೊರಗೆ ತಿಳಿಯುವುದಿಲ್ಲ.

ಕಡಿಮೆ ಮಕ್ಕಳಿದ್ದರೆ ಲಾಭ ಸುರಕ್ಷತೆಗೆ ಮಾತ್ರ ಅಲ್ಲ. ತೊದಲು ಮಾತಿಗೆ ಯಾರಾದರೂ ತಿರುಗಿ ಮಾತಾಡಿದಾಗ ಮಗು ಮಾತು ಕಲಿಯುತ್ತದೆ. ಹೊತ್ತು ಹೊತ್ತಿಗೆ ಉಣಿಸಿ, ಮಲಗಿಸಿ, ಜಗಳ ಬಿಡಿಸುವುದರಲ್ಲೇ ದಿನ ಮುಗಿದರೆ ಆ ಮಾತುಕತೆಗೆ ಜಾಗವೆಲ್ಲಿ? ಅಮೆರಿಕದ ಮಕ್ಕಳ ಆರೋಗ್ಯ ಸಂಸ್ಥೆ ಎನ್‌ಐಸಿಎಚ್‌ಡಿಯ ದೀರ್ಘ ಅಧ್ಯಯನದ ಭಾಗವಾಗಿ 2002ರಲ್ಲಿ ಮನೆ ಡೇ ಕೇರ್‌ಗಳ ಬಗ್ಗೆ ಒಂದು ವರದಿ ಬಂತು. ವಯಸ್ಸಿಗೆ ತಕ್ಕ ಮಿತಿಯೊಳಗೆ ಮಕ್ಕಳನ್ನು ಇಟ್ಟುಕೊಂಡವರು ಆ ಮಕ್ಕಳೊಂದಿಗೆ ಹೆಚ್ಚು ಒಳ್ಳೆಯ ರೀತಿಯಲ್ಲಿ ನಡೆದುಕೊಂಡಿದ್ದರು ಎಂದು ಅದು ಹೇಳಿತು. ಇದರಲ್ಲಿ ಅಚ್ಚರಿ ಏನಿಲ್ಲ. ದಣಿದವರಿಗೆ ತಾಳ್ಮೆ ಎಲ್ಲಿಂದ ಬರಬೇಕು?

ಗೆರೆ ನೋಡಿಕೊಳ್ಳುವವರನ್ನೂ ಕಾಯುತ್ತದೆ. ಇದನ್ನು ನಾವು ಮರೆಯುತ್ತೇವೆ. ಪರಿಚಯದವರು ಬಂದು ‘ಇನ್ನೊಂದು ಮಗು ತಾನೇ, ಎರಡು ತಿಂಗಳು ಇಟ್ಟುಕೊಳ್ಳಿ’ ಎಂದು ಗೋಗರೆದರೆ ಇಲ್ಲ ಎನ್ನುವುದು ಸುಲಭವಲ್ಲ. ಹಣದ ಆಸೆಯೂ ಇರುತ್ತದೆ, ದಾಕ್ಷಿಣ್ಯವೂ ಇರುತ್ತದೆ. ‘ಕಾನೂನಿನಲ್ಲಿ ಅವಕಾಶವಿಲ್ಲ’ ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. 2013ರಲ್ಲಿ ಇಂಗ್ಲೆಂಡಿನ ಸರ್ಕಾರ ಚಿಕ್ಕ ಮಕ್ಕಳ ಮಿತಿಯನ್ನು 3ರಿಂದ 4ಕ್ಕೆ, ಕೂಸುಗಳ ಮಿತಿಯನ್ನು 1ರಿಂದ 2ಕ್ಕೆ ಏರಿಸಲು ಹೊರಟಿತ್ತು. ಇದರಿಂದ ಹೆಚ್ಚು ಸಂಪಾದಿಸಬಹುದಾಗಿದ್ದವರ ಕಡೆಯಿಂದಲೇ ವಿರೋಧ ಬಂತು, ಪೋಷಕರೂ ಒಪ್ಪಲಿಲ್ಲ. ಅದೇ ವರ್ಷ ಸರ್ಕಾರ ಆ ಯೋಚನೆಯನ್ನು ಕೈಬಿಟ್ಟಿತು.

ಗೆರೆ ಮೀರಿದರೆ ಏನಾಗುತ್ತದೆ ಎನ್ನುವುದಕ್ಕೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಉದಾಹರಣೆ ಇದೆ. ಅಲ್ಲಿ ಲೈಸೆನ್ಸ್ ಇಲ್ಲದ ಮನೆ ಡೇ ಕೇರ್‌ಗೆ 5 ಮಕ್ಕಳ ಮಿತಿ ಇತ್ತು. ಒಂದು ಮನೆಯಲ್ಲಿ ಅದರ ಎಷ್ಟೋ ಪಟ್ಟು ಮಕ್ಕಳಿದ್ದರು. 2013ರ ಜುಲೈನಲ್ಲಿ ಅವರಲ್ಲಿ 2 ವರ್ಷದ ಮಗುವೊಂದು ಬಿಸಿಲಿನಲ್ಲಿ ನಿಂತ ಕಾರಿನೊಳಗೇ ಉಳಿದುಹೋಗಿ ತೀರಿಕೊಂಡಿತು. ಮೂರು ಮಕ್ಕಳಿದ್ದರೆ ಒಂದು ಕಾಣೆಯಾದದ್ದು ತಕ್ಷಣ ಗೊತ್ತಾಗುತ್ತದೆ. ಅಷ್ಟೊಂದು ಮಕ್ಕಳ ನಡುವೆ ಗೊತ್ತಾಗಲಿಲ್ಲ.

ಸಂಖ್ಯೆಯ ದೊಡ್ಡ ಅನುಕೂಲ ಇದೇ: ಯಾರು ಬೇಕಾದರೂ ಎಣಿಸಬಹುದು. ‘ಒಳ್ಳೆಯ ಆರೈಕೆ’ಯನ್ನು ಅಳೆಯಲು ಪರಿಣತರು ಬೇಕು. ಮಕ್ಕಳನ್ನು ಎಣಿಸಲು ಬಾಗಿಲಲ್ಲಿ ನಿಂತ ಅಪ್ಪ ಸಾಕು.

ವಿರೋಧ: ಬರೀ ತಲೆ ಎಣಿಸಿದರೆ ಮಗು ಕಾಣುವುದಿಲ್ಲ

ಒಂಟಾರಿಯೊದ ಆ ಮಗುವಿನ ಸಾವಿನಿಂದಲೇ ನಾನೂ ಶುರು ಮಾಡುತ್ತೇನೆ. ಅಲ್ಲಿ ನಿಯಮ ಇರಲಿಲ್ಲವೇ? ಇತ್ತು, 5 ಎಂದು ಸ್ಪಷ್ಟವಾಗಿಯೇ ಇತ್ತು. ಆ ಮನೆಯ ಬಗ್ಗೆ ಮೊದಲೇ ದೂರುಗಳೂ ಬಂದಿದ್ದವು. ಅವುಗಳನ್ನು ಸರಿಯಾಗಿ ವಿಚಾರಿಸಲಿಲ್ಲ ಎಂದು ಪ್ರಾಂತ್ಯದ ಓಂಬುಡ್ಸ್‌ಮನ್ (ಸರ್ಕಾರಿ ಇಲಾಖೆಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) 2014ರ ವರದಿಯಲ್ಲಿ ಇಲಾಖೆಯನ್ನು ಕಟುವಾಗಿ ಟೀಕಿಸಿದರು. ಅಂದರೆ ಅಲ್ಲಿ ಸಂಖ್ಯೆ ಸೋಲಲಿಲ್ಲ, ಮನೆ ಬಾಗಿಲಿಗೆ ಹೋಗಿ ನೋಡಬೇಕಾದವರು ಸೋತರು. ಮಿತಿ ಇನ್ನೂ ಬಿಗಿಯಾಗಿದ್ದರೂ ಆ ಮಗು ಉಳಿಯುತ್ತಿತ್ತೇ? ನನಗೆ ಹಾಗೆ ಅನ್ನಿಸುವುದಿಲ್ಲ.

ನಾಲ್ಕು ವರ್ಷದ ನಾಲ್ವರು ಮಕ್ಕಳು ತಾವೇ ಊಟ ಮಾಡುತ್ತಾರೆ, ತಮ್ಮ ತಮ್ಮಲ್ಲೇ ಆಡಿಕೊಳ್ಳುತ್ತಾರೆ, ‘ಹೊರಗೆ ಬನ್ನಿ’ ಎಂದರೆ ಬರುತ್ತಾರೆ. ಈಗಷ್ಟೇ ನಡೆಯಲು ಕಲಿತ ಮೂವರು ಮೂರು ದಿಕ್ಕಿಗೆ ಓಡುತ್ತಾರೆ. ಕೆಲಸ ಯಾವುದು ಜಾಸ್ತಿ? ಇಂಗ್ಲೆಂಡಿನ ಲೆಕ್ಕದಲ್ಲಿ ಎರಡನೆಯದು ಸರಿ, ಮೊದಲನೆಯದು ಮಿತಿ ಮೀರಿದ್ದು. ಮಿತಿ ಹಾಕಿದವರಿಗೂ ಇದು ಗೊತ್ತಿದೆ. ಹಾಗಾಗಿಯೇ ಒಡಹುಟ್ಟಿದವರು ಬಂದರೆ, ನೋಡಿಕೊಳ್ಳುವವರ ಸ್ವಂತ ಕೂಸು ಇದ್ದರೆ ವಿನಾಯಿತಿ ಕೊಡುತ್ತಾರೆ. ಇಲ್ಲದಿದ್ದರೆ ಅವಳಿ ಮಕ್ಕಳಲ್ಲಿ ಒಂದನ್ನು ಇಲ್ಲಿ, ಇನ್ನೊಂದನ್ನು ಬೇರೆ ಮನೆಯಲ್ಲಿ ಬಿಡಬೇಕಾದೀತು. ಅಣ್ಣತಮ್ಮಂದಿರಿಗಾಗಿ 4 ಆಗಬಹುದಾದರೆ, ನುರಿತವರ ಮನೆಯಲ್ಲಿ ಬೇರೆ ಬೇರೆ ಮನೆಯ 4 ಮಕ್ಕಳು ಯಾಕೆ ಆಗಬಾರದು? ಫ್ರಾನ್ಸ್ 2009ರ ಹೊತ್ತಿಗೆ 3ನ್ನು 4 ಮಾಡಿದೆ, ಅದೇ ಈಗಲೂ ನಡೆಯುತ್ತಿದೆ.

ಇನ್ನು ದುಡ್ಡಿನ ಮಾತು. ಮೂವರ ಶುಲ್ಕದಲ್ಲೇ ಮನೆ ನಡೆಯಬೇಕು ಎಂದರೆ ಎರಡೇ ದಾರಿ: ಶುಲ್ಕ ಏರಿಸುವುದು, ಇಲ್ಲವೇ ಕೆಲಸ ಬಿಡುವುದು. ಇಂಗ್ಲೆಂಡಿನಲ್ಲಿ 1990ರ ದಶಕದಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ನೋಂದಾಯಿಸಿಕೊಂಡವರು ಸುಮಾರು 1 ಲಕ್ಷ ಇದ್ದರು. ಈಗ 30 ಸಾವಿರವೂ ಇಲ್ಲ. ಇದಕ್ಕೆಲ್ಲ ಮಕ್ಕಳ ಮಿತಿಯೇ ಕಾರಣ ಎನ್ನುವುದು ತಪ್ಪು. ಕಾಗದಪತ್ರದ ಕಾಟ, ಕಡಿಮೆ ಆದಾಯ ಎಲ್ಲವೂ ಸೇರಿವೆ. ಆದರೆ ಸಾಕಾಗದ ಆದಾಯಕ್ಕೂ ಮಿತಿಗೂ ನೇರ ಸಂಬಂಧ ಇದೆ, ಅಲ್ವಾ? ಅಮೆರಿಕದ ಮಕ್ಕಳ ಕೇಂದ್ರಗಳ ಬಗ್ಗೆ ಹಾಟ್ಜ್ ಮತ್ತು ಶಿಯಾವ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನೊಂದು ಕಡೆಯಿಂದ ತೋರಿಸಿತು. ನಿಯಮ ಬಿಗಿಯಾದಾಗ ಹಣವಂತರ ಕಡೆ ಗುಣಮಟ್ಟ ಏರಿತು. ಕಡಿಮೆ ಆದಾಯದವರ ಕಡೆ ಕೇಂದ್ರಗಳೇ ಕಡಿಮೆಯಾದವು. ಅದು ಕೇಂದ್ರಗಳ ಕಥೆ, ನಿಜ. ಮನೆಗಳ ಕಥೆ ಬೇರೆಯಾಗಿರುತ್ತದೆ ಎಂದು ನಂಬಲು ನನಗೆ ಕಾರಣ ಕಾಣುತ್ತಿಲ್ಲ.

ಜಾಗ ಸಿಗದ ಮಗು ಮಾಯವಾಗುವುದಿಲ್ಲ. ಯಾರ ಕಣ್ಣಿಗೂ ಬೀಳದ, ನೋಂದಣಿಯಿಲ್ಲದ ಮನೆಗೆ ಹೋಗುತ್ತದೆ. ಇಲ್ಲವೇ ಹತ್ತು ವರ್ಷದ ಅಕ್ಕ ಶಾಲೆ ಬಿಟ್ಟು ನೋಡಿಕೊಳ್ಳುತ್ತಾಳೆ. ಇಲ್ಲವೇ ಅಮ್ಮ ಕೆಲಸ ಬಿಡುತ್ತಾಳೆ. ನಾಲ್ಕನೇ ಮಗುವನ್ನು ಬಾಗಿಲಲ್ಲೇ ತಡೆದಾಗ ಈ ಮೂರರಲ್ಲಿ ಯಾವುದಕ್ಕೆ ದಾರಿ ಮಾಡಿದೆವು ಎಂದು ನಿಯಮ ಬರೆದವರು ಹೇಳಬೇಕು.

ಹಾಗಾದರೆ ಮಿತಿಯೇ ಬೇಡವೇ? ಹಾಗಲ್ಲ. ಕೂಸುಗಳ ಮಿತಿಯನ್ನು ನಾನೂ ಸಡಿಲಿಸಲಾರೆ, ಬೆಂಕಿಯ ಲೆಕ್ಕ ನನಗೂ ಒಪ್ಪಿಗೆಯೇ. ದೊಡ್ಡ ಮಕ್ಕಳ ವಿಷಯದಲ್ಲಿ ಮಾತ್ರ ವಯಸ್ಸಿಗೆ ತಕ್ಕ ಲೆಕ್ಕ ಬರಲಿ. ವರ್ಷ ತುಂಬದ ಕೂಸು ಹೆಚ್ಚು ಜಾಗ ತೆಗೆದುಕೊಳ್ಳಲಿ, ನಾಲ್ಕು ವರ್ಷದ ಮಗು ಕಡಿಮೆ. 2002ರ ಆ ವರದಿಯಲ್ಲೇ ಇನ್ನೊಂದು ಮಾತಿದೆ: ಹೆಚ್ಚು ಓದಿ ತರಬೇತಿ ಪಡೆದವರ ಬಳಿ ಬೆಳೆದ ಮಕ್ಕಳು ಬುದ್ಧಿ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಮುಂದಿದ್ದರು. ಹಾಗಿದ್ದ ಮೇಲೆ ತರಬೇತಿ ಪಡೆದವರಿಗೆ, ಸಹಾಯಕರನ್ನು ಇಟ್ಟುಕೊಂಡವರಿಗೆ ಒಂದು ಮಗುವಿನ ಹೆಚ್ಚುವರಿ ಅವಕಾಶ ಸಿಗಲಿ. ಆ ಸಹಾಯಕರ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರ ಕೊಡಲಿ. ಹೇಳದೆ ಕೇಳದೆ ಬಂದು ನೋಡುವ ತಪಾಸಣೆಯೂ ನಡೆಯಲಿ.