ಮರಳಿನ ಮೇಲೆ ಬರೆದ ಮಗ್ಗಿ

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಪಕ್ಕದ ಇಕ್ಕೇರಿಗೆ ಹೋದವರೆಲ್ಲ ಅಘೋರೇಶ್ವರನಿಗೆ ಕೈಮುಗಿದು, ನಂದಿಯ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತೇವೆ. ನಾನೂ ಎಷ್ಟೋ ಸಲ ಹಾಗೆಯೇ ಮರಳಿದ್ದೇನೆ. ಇಕ್ಕೇರಿ ಒಂದು ಕಾಲಕ್ಕೆ ಕೆಳದಿ ನಾಯಕರ ರಾಜಧಾನಿ. ರಾಜಧಾನಿ ಎಂದಮೇಲೆ ಅಲ್ಲಿ ಬೀದಿಗಳಿದ್ದವು, ಮಣ್ಣು ಹುಲ್ಲಿನ ಮನೆಗಳಿದ್ದವು, ಆ ಮನೆಗಳಲ್ಲಿ ಒಲೆ ಉರಿಯುತ್ತಿತ್ತು ಎಂಬುದು ನನಗೆ ಹೊಳೆದದ್ದು ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿಯ ಪತ್ರಗಳನ್ನು ಓದಿದ ಮೇಲೆಯೇ.

1623ರಲ್ಲಿ ಗೋವೆಯ ಪೋರ್ಚುಗೀಸರು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರಿಯ ಜೊತೆಗೆ ಅವನೂ ಹೊರಟ. ಹೊನ್ನಾವರ, ಗೇರುಸೊಪ್ಪೆ, ಅಲ್ಲಿಂದ ಘಟ್ಟದ ದಾರಿ. ಹೊರೆಗಳನ್ನು ಸಜ್ಜುಗೊಳಿಸುವಷ್ಟು ಹೊತ್ತು ದಾರಿಯ ಒಂದು ದೇವಸ್ಥಾನದ ಜಗುಲಿಯಲ್ಲಿ ಕುಳಿತ. ಅಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿಕೊಂಡು ಲೆಕ್ಕ ಕಲಿಯುತ್ತಿದ್ದರು. ಒಬ್ಬ ರಾಗವಾಗಿ ಹೇಳುತ್ತಾ ಬೆರಳಿನಿಂದ ಅಂಕಿ ಬರೆಯುತ್ತಾನೆ, ಉಳಿದವರು ಅದನ್ನೇ ಹಾಡಿ ಬರೆಯುತ್ತಾರೆ. ನೆಲ ತುಂಬಿದರೆ ಅಂಗೈಯಿಂದ ಅಳಿಸಿ ಮತ್ತೆ ಮರಳು ಚೆಲ್ಲುತ್ತಾರೆ. ಅವನು ಉದಾಹರಣೆಗೆ ಕೊಟ್ಟ ಸಾಲಿನ ಅರ್ಥವನ್ನು ಓದಿದಾಗ ನನ್ನ ಕಿವಿಯಲ್ಲಿ ಮೊಳಗಿದ್ದು 'ಒಂದೊಂದಲ ಒಂದು'!

ಗುರುಗಳು ಹತ್ತಿರವಿರಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ ಹುಡುಗರು, ನಾಲ್ವರೂ ಒಂದೇ ಕಡೆ ತಪ್ಪುವುದಿಲ್ಲವಲ್ಲ, ಒಬ್ಬ ಎಡವಿದರೆ ಉಳಿದವರು ತಿದ್ದುತ್ತಾರೆ ಎಂದರಂತೆ. ಇಪ್ಪತ್ತು ವರ್ಷಗಳಿಂದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿರುವ ನಾನು ಈ ಉತ್ತರವನ್ನು ಓದಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತುಬಿಟ್ಟೆ. ನನ್ನ ಅಜ್ಜಿಯೂ ಅಕ್ಷರ ತಿದ್ದಿದ್ದು ಮರಳಿನ ಮೇಲೆಯೇ.

ಇಕ್ಕೇರಿಯಲ್ಲಿ ಒಂದು ರಾತ್ರಿ ಬಣ್ಣದ ಪುಟ್ಟ ಕೋಲುಗಳನ್ನು ತಾಳಕ್ಕೆ ಬಡಿಯುತ್ತಾ ಹುಡುಗಿಯರು ಗುಂಪುಗುಂಪಾಗಿ ಬೀದಿಗಳಲ್ಲಿ ಹಾಡುತ್ತಾ ಹೋದರು. ಒಬ್ಬಳು ಪದ ಹೇಳಿದರೆ ಎಲ್ಲರೂ 'ಕೋಲೆ, ಕೋಲೆ' ಎನ್ನುತ್ತಿದ್ದರು. ಅವನಿಗೆ ಆ ಮಾತು ಅರ್ಥವಾಗಲಿಲ್ಲ, ಸಂತೋಷದ ಉದ್ಗಾರವಿರಬೇಕು ಎಂದುಕೊಂಡ. ಕೋಲಾಟ ಆಡಿ ಬೆಳೆದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಿ 'ಎಂಥ ಸುವರ್ಣಯುಗ' ಎನ್ನುವವರನ್ನು ವೇದಿಕೆಗಳ ಮೇಲೆ ಬಹಳ ನೋಡಿದ್ದೇನೆ. ನನಗೆ ಹಾಗೆ ನಿಲ್ಲಿಸಲು ಆಗುವುದಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ, ಅದೇ ಊರಿನಲ್ಲಿ ಒಬ್ಬ ಹೆಂಗಸು ಕುದುರೆಯ ಮೇಲೆ ಕುಳಿತು ಬೀದಿಯಲ್ಲಿ ಹೋಗುವುದನ್ನು ಅವನು ಕಂಡ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಗಂಡ ಸತ್ತಿದ್ದ, ಅವಳು ಚಿತೆಗೆ ಏರುವವಳಿದ್ದಳು. ಕೆಲವು ದಿನಗಳ ನಂತರ ಅವಳ ಮನೆಗೇ ಹೋಗಿ ದುಭಾಷಿಯ ಮೂಲಕ ಮಾತಾಡಿಸಿದ. ಹೆಸರು ಕೇಳಿದ. ಅವನ ಕಿವಿಗೆ ಬಿದ್ದದ್ದು 'ಜಾಕ್ಕಮಾ', ನಮ್ಮ ಜಕ್ಕಮ್ಮನೇ ಇರಬೇಕು. ತೆಲುಗು ಮಾತಿನ ಕುಟುಂಬ, ಗಂಡ ವಾದ್ಯ ಬಾರಿಸುವವನು. ಅವನ ಇನ್ನಿಬ್ಬರು ಹೆಂಡಿರು, ತಮಗೆ ಸಾಕಬೇಕಾದ ಮಕ್ಕಳಿದ್ದಾರೆ ಎಂದು ಹಿಂದೆ ಸರಿದಿದ್ದರು. ಜಕ್ಕಮ್ಮನಿಗೂ ಚಿಕ್ಕ ಮಕ್ಕಳಿದ್ದರು. ಯಾರ ಬಲವಂತವೂ ಇಲ್ಲ ಎಂದಳು, ನಗುನಗುತ್ತಾ ಮಾತಾಡಿದಳು.

ಕೇಳಿದವನೂ ಹೆಂಡತಿಯನ್ನು ಕಳೆದುಕೊಂಡವನೇ. ಬಾಗ್ದಾದಿನಲ್ಲಿ ಮದುವೆಯಾದ ಮಾನಿ 1621ರ ಕೊನೆಯಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ತನ್ನ ಜೊತೆಗೇ ಸಾಗಿಸಿ ಕೊನೆಗೆ ರೋಮ್‌ನಲ್ಲಿ ಮಣ್ಣು ಮಾಡಿದ. ಹೆಂಡತಿಯನ್ನು ಅಷ್ಟು ಪ್ರೀತಿಸಿದ ಗಂಡನನ್ನು ಯಾರೂ ಬೆಂಕಿಯತ್ತ ಮೆರವಣಿಗೆಯಲ್ಲಿ ಕರೆದೊಯ್ಯಲಿಲ್ಲ. ಬಲವಂತವಿಲ್ಲ ಎಂಬ ಜಕ್ಕಮ್ಮನ ಮಾತನ್ನು ಓದುವಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ನಮ್ಮ ಊರುಗಳ ಅಂಚಿನಲ್ಲಿ, ಗಂಡನ ಚಿತೆ ಏರಿದ ಹೆಂಗಸರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳಿವೆ. ಬಳೆ ತೊಟ್ಟು ಎತ್ತಿದ ಕೈ, ಬೆರಳುಗಳ ನಡುವೆ ಅದೇ ನಿಂಬೆಹಣ್ಣು. ಎಷ್ಟೋ ಕಲ್ಲುಗಳ ಮೇಲೆ ಹೆಸರೇ ಇಲ್ಲ. ಇಕ್ಕೇರಿಯಲ್ಲಿ ಇನ್ನೊಂದು ಮಾಸ್ತಿಕಲ್ಲು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಅರಸರ ಹೆಸರುಗಳನ್ನು ಬರೆಯುವಾಗ ಕೆಳಗೆ ಒಂದು ಸಾಲು ಸೇರಿಸಿ: ಇಲ್ಲಿ ಜಕ್ಕಮ್ಮ ಎಂಬ ಹೆಣ್ಣುಮಗಳು ಬದುಕಿದ್ದಳು, ಅವಳ ಗಂಡ ವಾದ್ಯ ನುಡಿಸುತ್ತಿದ್ದ, ಅವಳಿಗೆ ಮಗ್ಗಿ ಕಲಿಯುವ ವಯಸ್ಸಿನ ಮಕ್ಕಳಿದ್ದರು.