ಸ್ಕ್ರೀನ್ ಆರಿಸ್ರೀ, ರೋಮ್ ಕಾಣ್ತಿಲ್ಲ

ನಿನ್ನೆ ಇಲ್ಲಿನ ಕನ್ಸರ್ಟ್ ಹಾಲ್‌ನಲ್ಲಿ ಇಟಲಿಯ ಸಂಗೀತ ರಚನೆಕಾರ ರೆಸ್ಪೀಗಿಯನ್ನು ಕೊಂದರು. ಆರ್ಕೆಸ್ಟ್ರಾದವರಲ್ಲ, ಪಾಪ, ಅವರು ಜೀವ ಬಿಟ್ಟು ನುಡಿಸಿದರು. ಕೊಂದಿದ್ದು ಅವರ ತಲೆಯ ಮೇಲೆ ಇಳಿಬಿಟ್ಟಿದ್ದ ಆ ಸಿನಿಮಾ ಪರದೆ.

ಟಿಕೆಟ್ ಬಿಟ್ಟ ದಿನವೇ ಬುಕ್ ಮಾಡಿ ಇಲ್ಲೇ ಕುಣಿದಾಡಿದ್ದೆ, ನೀವೆಲ್ಲ ಹಾರ್ಟ್ ಒತ್ತಿದ್ದಿರಿ. ಒಂದೇ ಸಂಜೆ ರೆಸ್ಪೀಗಿಯ ‘ಬೊಟ್ಟಿಚೆಲ್ಲಿಯ ಮೂರು ಚಿತ್ರಗಳು’, ‘ರೋಮಿನ ಕಾರಂಜಿಗಳು’, ‘ರೋಮಿನ ಪೈನ್ ಮರಗಳು’ ಮೂರೂ ಇವೆ ಅಂದರೆ ಕುಣಿಯದೆ ಇನ್ನೇನು? ಪೋಸ್ಟರಿನ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ದೃಶ್ಯವೈಭವದೊಂದಿಗೆ’ ಅಂತ ಬರೆದಿದ್ದರಂತೆ. ವೈಭವ!

ಹೊಸಬರಿಗೆ ಎರಡು ಮಾತು. ಒಟ್ಟೊರಿನೊ ರೆಸ್ಪೀಗಿ ಹುಟ್ಟಿದ್ದು 1879ರಲ್ಲಿ, ಇಟಲಿಯ ಬೊಲೋನ್ಯಾದಲ್ಲಿ. ವಯೋಲಾ, ಅಂದರೆ ಪಿಟೀಲಿನ ದೊಡ್ಡಣ್ಣ, ನುಡಿಸುತ್ತಿದ್ದವನು. ಅದೇ ಕೆಲಸ ಹಿಡಿದು ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ, ಅಲ್ಲಿ ರಷ್ಯಾದ ಸಂಗೀತ ರಚನೆಕಾರ ರಿಮ್‌ಸ್ಕಿ-ಕೊರ್ಸಕೋವ್ ಹತ್ತಿರ ಕೆಲವು ತಿಂಗಳು ವಾದ್ಯಗಳ ದನಿಗಳಿಂದ ಸಂಗೀತಕ್ಕೆ ಬಣ್ಣ ಹಚ್ಚುವ ವಿದ್ಯೆ ಕಲಿತ. 1913ರಲ್ಲಿ ಪಾಠ ಹೇಳೋ ಕೆಲಸ ಸಿಕ್ಕಿ ರೋಮಿಗೆ ಬಂದ, 1936ರಲ್ಲಿ ಅಲ್ಲೇ ತೀರಿಕೊಂಡ. ಇಷ್ಟು ಸಾಕು. ಉಳಿದದ್ದು ಕಿವಿಗೆ ಬಿಟ್ಟಿದ್ದು. ನನ್ನ ಜಗಳವೂ ಅಷ್ಟೇ, ಕಿವಿಗೆ ಬಿಡಿ ಅನ್ನೋದು.

ಮೊದಲಿಗೆ ಬೊಟ್ಟಿಚೆಲ್ಲಿ, ಇಟಲಿಯ ಹಳೇ ಚಿತ್ರಕಾರ. ಫ್ಲಾರೆನ್ಸಿನ ಉಫ್ಫೀಝಿ ಗ್ಯಾಲರಿಯಲ್ಲಿರುವ ಮೂರು ಚಿತ್ರಗಳನ್ನು ಹಿಡಿದು 1927ರಲ್ಲಿ ರೆಸ್ಪೀಗಿ ಸಣ್ಣ ಆರ್ಕೆಸ್ಟ್ರಾಗೆ ಬರೆದದ್ದು. ವಸಂತ, ಶಿಶು ಯೇಸುವಿಗೆ ನಮಿಸಲು ಬಂದ ಜ್ಞಾನಿಗಳು, ಚಿಪ್ಪಿನ ಮೇಲೆ ನಿಂತ ವೀನಸ್. ನಡುವಿನ ಭಾಗದಲ್ಲಿ ಬಸೂನ್ ಅನ್ನೋ ತಗ್ಗುದನಿಯ ಊದುವಾದ್ಯದ ಮೇಲೆ ಒಂದು ಹಳೇ ಚರ್ಚ್ ಹಾಡು ಬರುತ್ತೆ, ಕ್ರಿಸ್ಮಸ್‌ಗೆ ಮುಂಚಿನ ದಿನಗಳಲ್ಲಿ ‘ಬಾ, ಇಮ್ಯಾನುಯೆಲ್’ ಅಂತ ಹಾಡೋದು. ಕತ್ತಲಲ್ಲಿ ದೂರದಿಂದ ಯಾರೋ ನಡೆದು ಬರ್ತಿದ್ದಾರೆ ಅನ್ನಿಸುವ ನುಡಿಕೆ. ಆ ಹೊತ್ತಿಗೆ ಸರಿಯಾಗಿ ಪರದೆ ಮೇಲಿನ ಕ್ಯಾಮೆರಾ ಚಿತ್ರದ ಬಲತುದಿಗೆ ಜಾರಿತು. ಅಲ್ಲಿ ಹಳದಿ ನಿಲುವಂಗಿ ತೊಟ್ಟು ನಮ್ಮನ್ನೇ ನೋಡುತ್ತಿರುವ ಒಬ್ಬ ಇದ್ದಾನೆ, ಬೊಟ್ಟಿಚೆಲ್ಲಿಯೇ ಅವನು ಅಂತಾರೆ. ಅವನ ಮುಖ ಬಾಗಿಲಿನಷ್ಟು ದೊಡ್ಡದಾಯ್ತು. ನನ್ನ ಹಿಂದಿನ ಸಾಲಿನಿಂದ ‘ಓಹ್, ಇವನೇನಾ!’ ಅಂತ ಪಿಸುಪಿಸು. ಬಸೂನ್ ಮುಗಿದೇ ಹೋಗಿತ್ತು.

ಚಿತ್ರ ನೋಡಬೇಕಿದ್ದರೆ ಫ್ಲಾರೆನ್ಸಿಗೆ ಹೋಗ್ರಪ್ಪ. ರೈಲಿದೆ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ತಾಳಮದ್ದಳೆ ನೋಡಿ ಬೆಳೆದವರು ನಾವು. ಕೇಳಿ ಬೆಳೆದವರು ಅನ್ನಬೇಕು. ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಶಲ್ಯದಲ್ಲಿ ಕೂತ ಅರ್ಥಧಾರಿ ಬಾಯಿ ತೆರೆದರೆ ಕುರುಕ್ಷೇತ್ರವೇ ಎದ್ದು ಬರ್ತಿತ್ತು. ಅಲ್ಲಿ ಭಾಗವತರ ಬೆನ್ನಿಗೆ ಒಂದು ಪರದೆ ಕಟ್ಟಿ ಟಿವಿಯ ಮಹಾಭಾರತ ಓಡಿಸಿದರೆ ಹೇಗಿರುತ್ತೆ? ಅಪ್ಪಯ್ಯ ಇದ್ದಿದ್ದರೆ ಕೋಲು ತಗೊಂಡೇ ಎದ್ದಿರೋರು. ನಾನು ಸಭ್ಯಸ್ಥೆ, ಕೂತೆ.

ಮುಂದಿನದು ಕಾರಂಜಿಗಳು. 1917ರಲ್ಲಿ ರೋಮಿನಲ್ಲಿ ಮೊದಲ ಸಲ ನುಡಿಸಿದಾಗ ಜನ ತಣ್ಣಗೆ ಕೂತಿದ್ದರಂತೆ. ಮರುವರ್ಷ ಆರ್ಕೆಸ್ಟ್ರಾ ನಡೆಸೋದರಲ್ಲಿ ಹೆಸರಾದ ಟೊಸ್ಕನೀನಿ ಮಿಲಾನ್‌ನಲ್ಲಿ ಎತ್ತಿಕೊಂಡ ಮೇಲೆ ಹೆಸರಾಯ್ತು. ಇದರಲ್ಲಿ ನಾಲ್ಕು ಕಾರಂಜಿ, ನಾಲ್ಕು ಹೊತ್ತು. ವಾಲೆ ಜೂಲಿಯಾದ ಕಾರಂಜಿ ನಸುಕಿನಲ್ಲಿ, ಟ್ರಿಟೋನ್ ಬೆಳಗಿನಲ್ಲಿ, ಟ್ರೇವಿ ನಡುಮಧ್ಯಾಹ್ನ, ವಿಲ್ಲಾ ಮೇದಿಚಿ ಸೂರ್ಯ ಮುಳುಗೋ ಹೊತ್ತಿಗೆ. ಅವನು ಬರೆದದ್ದು ಕಲ್ಲು ನೀರನ್ನಲ್ಲ ಮಾರಾಯ್ರೆ, ಹೊತ್ತನ್ನು. ಯಾವ ಕಾರಂಜಿ ಯಾವ ಹೊತ್ತಿನಲ್ಲಿ ಸುತ್ತಲಿನ ಜಾಗದ ಜೊತೆ ಚೆನ್ನಾಗಿ ಬೆರೆಯುತ್ತೋ ಆ ಹೊತ್ತಿನ ಭಾವ ಅಂತ ಸ್ವರಪ್ರತಿಯ ಮೊದಲಿಗೆ ತಾನೇ ಹೇಳಿಕೊಂಡಿದ್ದಾನೆ. ಮೊದಲ ಭಾಗದಲ್ಲಿ ನಸುಕಿನ ಒದ್ದೆ ಮಂಜಿನೊಳಗೆ ದನದ ಹಿಂಡು ಹಾದು ಮರೆಯಾಗುತ್ತೆ.

ಪರದೆ ಮೇಲೆ ಏನಿತ್ತು ಹೇಳ್ಲಾ? ಡ್ರೋನ್. ನಾಲ್ಕೂ ಕಾರಂಜಿಗೆ ಒಂದೇ ಬಿಸಿಲು, ಒಂದೇ ನೀಲಿ ಆಕಾಶ. ನಸುಕಿನ ಸಂಗೀತಕ್ಕೆ ಟೋಪಿ ಹಾಕಿಕೊಂಡ ಪ್ರವಾಸಿಗರು, ಒಂದು ಐಸ್‌ಕ್ರೀಮ್ ಗಾಡಿ. ಟ್ರೇವಿಯಲ್ಲಿ ಸಮುದ್ರದೇವ ನೆಪ್ಚೂನ್ ಕಡಲಕುದುರೆಗಳ ರಥದಲ್ಲಿ ಬರ್ತಾನೆ, ತುತ್ತೂರಿ ಟ್ರೊಂಬೋನ್ ಎಲ್ಲ ಸೇರಿ ಎದೆ ನಡುಗಿಸುತ್ತವೆ, ಮೇಲೆ ನೋಡಿದರೆ ಒಬ್ಬಳು ಬೆನ್ನು ತಿರುಗಿಸಿ ಚಿಲ್ಲರೆ ಎಸೀತಿದ್ದಾಳೆ. ನಿಧಾನಗತಿಯಲ್ಲಿ.

ಇನ್ನೊಂದು ನೋಡಿದೆ. ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕಿವಿಯಲ್ಲಿ ಇಯರ್‌ಫೋನ್! ವಿಡಿಯೋಗೆ ತಾಳ ಹೊಂದಬೇಕಲ್ಲ, ಒಳಗೆ ಟಿಕ್ ಟಿಕ್ ಓಡ್ತಾ ಇತ್ತು. ಅಂದರೆ ಅಷ್ಟು ದೊಡ್ಡ ವಾದ್ಯವೃಂದಕ್ಕೆ ಲಯ ಕೊಟ್ಟದ್ದು ಒಂದು ಲ್ಯಾಪ್‌ಟಾಪ್. ಎಲ್ಲಾದರೂ ಒಂದು ಕ್ಷಣ ನಿಲ್ಲೋಣ, ಉಸಿರು ಬಿಡೋಣ ಅಂದರೆ ಆ ಮನುಷ್ಯನಿಗೆ ಅಧಿಕಾರವೇ ಇಲ್ಲ.

ಹೊಸ ಜನ ಬರ್ತಾರೆ, ಮಕ್ಕಳು ಬರ್ತಾರೆ, ಶಾಸ್ತ್ರೀಯ ಸಂಗೀತದ ಭಯ ಹೋಗುತ್ತೆ ಅಂತ ಒಂದು ವಾದ ಇದೆ, ಗೊತ್ತು. ಇಂಟರ್ವಲ್‌ನಲ್ಲಿ ಪಕ್ಕದ ಸೀಟಿನವರೂ ಅದನ್ನೇ ಹೇಳಿದರು. ಡಿಸ್ನಿಯವರೇ ಮಾಡಿದ್ದಾರಲ್ಲ ಅಂದರು. ಮಾಡಿದ್ದಾರೆ, ‘ಫ್ಯಾಂಟೇಸಿಯಾ 2000’ದಲ್ಲಿ ಪೈನ್ ಮರಗಳ ಸಂಗೀತಕ್ಕೆ ತಿಮಿಂಗಿಲಗಳನ್ನು ಆಕಾಶದಲ್ಲಿ ಹಾರಿಸಿದ್ದಾರೆ. ಅದರಲ್ಲಿ ರೋಮೂ ಇಲ್ಲ, ಮರವೂ ಇಲ್ಲ. ಸಂಗೀತ ಕೇಳಿ ಅವರಿಗೆ ಏನು ಕಂಡಿತೋ ಅದನ್ನು ಬಿಡಿಸಿದರು, ಅದು ಮರ್ಯಾದೆ. ಇವರಿಗೆ ಏನೂ ಕಾಣಲಿಲ್ಲ, ಅದಕ್ಕೇ ಡ್ರೋನ್ ಕಳಿಸಿದರು. ಮಕ್ಕಳ ವಿಷಯ ಬಿಡಿ. ಕಣ್ಣು ಮುಚ್ಚಿಸಿ ಕೂರಿಸಿದರೆ ಮಕ್ಕಳಿಗೆ ಕಾಣುವಷ್ಟು ನಮ್ಮ ಯಾರಿಗೂ ಕಾಣಲ್ಲ.

ಪೈನ್ ಮರಗಳು ಶುರುವಾಗೋದೇ ಮಕ್ಕಳಿಂದ. ವಿಲ್ಲಾ ಬೊರ್ಗೇಸೆ ತೋಟದಲ್ಲಿ ಆಟ, ಗಲಾಟೆ. ರೆಸ್ಪೀಗಿಯ ಹೆಂಡತಿ ಎಲ್ಸಾ ಚಿಕ್ಕವಳಿದ್ದಾಗ ಅದೇ ತೋಟದಲ್ಲಿ ಹಾಡ್ತಿದ್ದ ಹಾಡುಗಳನ್ನು ಅವಳ ಬಾಯಲ್ಲೇ ಹಾಡಿಸಿಕೊಂಡು ಬರೆದನಂತೆ. ಎಲ್ಲ ಮೇಲಿನ ಸ್ವರಗಳ ಕಿಲಕಿಲ, ತಗ್ಗಿನ ವಾದ್ಯಗಳಿಗೆ ಹೆಚ್ಚುಕಡಿಮೆ ಕೆಲಸವೇ ಇಲ್ಲ. ಆಮೇಲೆ ಒಮ್ಮೆಲೇ ನೆಲ ಕುಸಿದ ಹಾಗೆ ಕ್ಯಾಟಕೋಂಬ್, ಹಳೇ ಕ್ರೈಸ್ತರ ನೆಲದಡಿಯ ಸಮಾಧಿ. ತಗ್ಗಿನ ತಂತಿಗಳು, ರಂಗದ ಹಿಂದಿನಿಂದ ಒಂದು ತುತ್ತೂರಿ. ಆ ತುತ್ತೂರಿ ನುಡಿಸೋನು ಕಾಣಬಾರದು ಅಂತಲೇ ಮರೆಗೆ ಕಳಿಸಿದ್ದಾನೆ ಪುಣ್ಯಾತ್ಮ. ಇವರು ಪರದೆ ಮೇಲೆ ಒಂದು ತಲೆಬುರುಡೆ ತೋರಿಸಿದರು. ಯಾಕೆ ಅಂತ ಕೇಳಬೇಡಿ.

ಮೂರನೆಯದು ಜಾನಿಕೊಲೊ ಗುಡ್ಡ, ಹುಣ್ಣಿಮೆ. ಪಿಯಾನೋ ಒಂದು ಸಲ ನೀರು ಚೆಲ್ಲಿದ ಹಾಗೆ ಹರಿದು ಸುಮ್ಮನಾಗುತ್ತೆ, ಕ್ಲಾರಿನೆಟ್ ಶುರುವಾಗುತ್ತೆ. ಕೊನೆಯಲ್ಲಿ ನೈಟಿಂಗೇಲ್ ಹಕ್ಕಿ, ವಾದ್ಯದ್ದಲ್ಲ, ಗ್ರಾಮಫೋನ್ ರೆಕಾರ್ಡಿನದು. 1924ರಲ್ಲಿ! ಯಾವ ರೆಕಾರ್ಡು ಅಂತ ನಂಬರ್ ಸಮೇತ ಬರೆದಿಟ್ಟಿದ್ದಾನೆ. ಈಗ ನೀವು ಕಾಮೆಂಟಿನಲ್ಲಿ ಹಿಡಿದುಕೊಳ್ತೀರಿ: ಅವನೇ ಮಷಿನ್ ತಂದವನು, ಇವತ್ತಿದ್ದಿದ್ದರೆ ಅವನೇ ಪರದೆ ಕಟ್ಟುತ್ತಿದ್ದ ಅಂತ. ಅವನು ತಂದದ್ದು ಶಬ್ದ ಕಣ್ರೀ, ಹಕ್ಕಿಯ ಫೋಟೋ ಅಲ್ಲ. ಅದೂ ಒಂದೇ ಕಡೆ, ತಂತಿಗಳು ಉಸಿರು ಬಿಗಿಹಿಡಿದಾಗ. ನಿನ್ನೆ ಹಕ್ಕಿ ಕೂಗುವ ಮುಂಚೆಯೇ ಅದರ ಕಾರ್ಟೂನು ಬಂದು ಕೊಂಬೆ ಮೇಲೆ ಕೂತಿತ್ತು. ಜನ ನಕ್ಕರು.

ಕೊನೆಯ ಭಾಗಕ್ಕೆ, ಅಪ್ಪಿಯಾ ಅನ್ನೋ ಹಳೇ ರೋಮನ್ ದಾರಿಗೆ ಬರೋಣ, ಅಲ್ಲೇ ನನ್ನ ಹೊಟ್ಟೆ ಹೆಚ್ಚು ಉರಿದದ್ದು. ಮಂಜು ಕವಿದ ನಸುಕು, ಒಂಟಿ ಪೈನ್ ಮರಗಳು, ಎಲ್ಲೋ ಸಾವಿರಾರು ಹೆಜ್ಜೆಗಳ ಸದ್ದು, ಮಸುಕಾಗಿ, ಬಿಡದೆ. ಅದರ ಮೇಲೆ ಕೋರ್ ಆಂಗ್ಲೆ ವಾದ್ಯದ ಒಂದು ಉದ್ದನೆಯ ಗೋಳು. ನುಡಿಸಿದ ಹುಡುಗಿ ಕಣ್ಣು ಮುಚ್ಚಿಕೊಂಡು, ಹುಬ್ಬು ಮೇಲೆತ್ತಿ, ಇಡೀ ಮೈಯನ್ನು ಆ ಊದುಕೊಳವೆಗೆ ತುಂಬಿದಳು. ನಾನು ಸುತ್ತ ನೋಡಿದೆ. ಒಬ್ಬರೂ ಅವಳನ್ನು ನೋಡ್ತಿರಲಿಲ್ಲ. ಎಲ್ಲರ ಗದ್ದ ಮೇಲಕ್ಕೆ, ಮುಖದ ಮೇಲೆಲ್ಲ ನೀಲಿ ಬೆಳಕು. ಪರದೆಯಲ್ಲಿ ಕಂಪ್ಯೂಟರ್ ರೋಮನ್ ಸೈನ್ಯ, ಹದ್ದಿನ ಲಾಂಛನ, ಬೂಟಿಗೆ ಬೂಟು ತಾಗಿಸಿ ಕವಾಯತು.

ಇದು ಬರೀ ರುಚಿಯ ಪ್ರಶ್ನೆಯಲ್ಲ. ಮುಸೊಲಿನಿ ರೋಮಿನ ಮೇಲೆ ದಂಡೆತ್ತಿ ಬಂದು ಕುರ್ಚಿ ಹಿಡಿದದ್ದು 1922ರ ಅಕ್ಟೋಬರಿನಲ್ಲಿ, ಈ ಕೃತಿ ಮೊದಲು ನುಡಿದದ್ದು 1924ರ ಡಿಸೆಂಬರಿನಲ್ಲಿ. ಆ ಮನುಷ್ಯನಿಗೆ ರೆಸ್ಪೀಗಿ ಇಷ್ಟವಾಗಿದ್ದ ಅನ್ನೋದೂ ಸತ್ಯ. ಕೇಳುವಾಗ ಪ್ರತಿಸಲ ನನಗೆ ಒಳಗೊಂದು ಮುಳ್ಳು ಆಡುತ್ತೆ. ಆದರೆ ಸಂಗೀತದಲ್ಲಿ ಮಂಜಿದೆ, ಆ ಗೋಳಿದೆ. ಬರುತ್ತಿರೋದು ಯಾರು, ಗೆದ್ದವರೋ ಸತ್ತವರೋ, ಅಂತ ನಾನು ಕೇಳಿಕೊಳ್ಳೋಕೆ ಜಾಗ ಇದೆ. ಪರದೆ ಬಂದು ಅದನ್ನು ಪೆರೇಡ್ ಅಂತ ತೀರ್ಮಾನ ಮಾಡಿಬಿಟ್ಟಿತು. ಮುಸೊಲಿನಿ ನೋಡಿದ್ದರೆ ಖುಷಿಪಡುತ್ತಿದ್ದ ಅಂತ ಪಕ್ಕದವರಿಗೆ ಹೇಳಿದೆ. ಅವರು ಆಮೇಲೆ ಮಾತಾಡಲಿಲ್ಲ.

ಯಾರಿಗೂ ಹೇಳದ ವಿಷಯ ಒಂದು ಹೇಳಿಬಿಡ್ತೀನಿ. ಬಾಖ್, ಬೀಥೋವನ್ ಅಂತೆಲ್ಲ ಇಲ್ಲಿನ ಸ್ನೇಹಿತರ ಮುಂದೆ ಮಾತಾಡ್ತೀನಲ್ಲ, ಅಡುಗೆ ಮಾಡುವಾಗ ಮನೆಯಲ್ಲಿ ಹಾಕೋದು ಇದನ್ನೇ. ಈ ಅಬ್ಬರದ, ಈ ಬಣ್ಣಬಣ್ಣದ, ವಿಮರ್ಶಕರು ಮೂಗು ಮುರಿಯುವ ಸಂಗೀತವನ್ನೇ. ಕೊನೆಯಲ್ಲಿ ಆರ್ಗನ್ ತಳದಿಂದ ಎದ್ದು, ಬಾಲ್ಕನಿಯಿಂದ ತುತ್ತೂರಿಗಳು ಕೂಗಿಕೊಂಡಾಗ ಈಗಲೂ ಅಳು ಬರುತ್ತೆ. ನಿನ್ನೆ ಬರಲಿಲ್ಲ. ಅದಕ್ಕೇ ಇಷ್ಟುದ್ದ.

‘ಅವನೇ ಚಿತ್ರದ ಹೆಸರಿಟ್ಟಿದ್ದಾನಲ್ಲ, ಚಿತ್ರ ತೋರಿಸಿದರೆ ತಪ್ಪೇನು’ ಅಂತ ಇನ್ನೂ ಅನ್ನೋರಿಗೆ ಅವನ ‘ಚರ್ಚಿನ ಬಣ್ಣದ ಕಿಟಕಿಗಳು’ ಕತೆ ಹೇಳ್ತೀನಿ. ನಾಲ್ಕು ಭಾಗ. ಯೇಸುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿಹೋಗೋದು, ದೇವದೂತ ಮೈಕೇಲನ ಯುದ್ಧ, ಸಂತ ಕ್ಲಾರಾ, ಸಂತ ಗ್ರೆಗರಿ. ಕೇಳಿದರೆ ಗಾಜಿನ ಕೆಂಪು ನೀಲಿ ನೆಲದ ಮೇಲೆ ಬಿದ್ದದ್ದು ಕಾಣುತ್ತೆ. ಆದರೆ ಮೊದಲ ಮೂರು ಭಾಗ ಮುಂಚೆ ಗ್ರೆಗೋರಿಯನ್ ಅನ್ನೋ ಹಳೇ ಚರ್ಚ್ ರಾಗಗಳ ಮೇಲೆ ಬರೆದಿದ್ದ ಪಿಯಾನೋ ತುಣುಕುಗಳು. ಆರ್ಕೆಸ್ಟ್ರಾಗೆ ಏರಿಸಿದ ಮೇಲೆ ಗೆಳೆಯ ಕ್ಲಾಡಿಯೋ ಗುವಸ್ತಾಲ್ಲನ ಜೊತೆ ಕೂತು, ಇದಕ್ಕೆ ಯಾವ ಚಿತ್ರ ಹೊಂದುತ್ತೆ ಅಂತ ಯೋಚಿಸಿ ಹೆಸರಿಟ್ಟದ್ದು. ಅಂಥ ಕಿಟಕಿಗಳು ಯಾವ ಚರ್ಚಿನಲ್ಲೂ ಇಲ್ಲ!

ಇದೀಗ ಆರ್ಕೆಸ್ಟ್ರಾದಿಂದ ಇಮೇಲ್ ಬಂತು. ನಿನ್ನೆಯ ಕಾರ್ಯಕ್ರಮಕ್ಕೆ ಅದ್ಭುತ ಪ್ರತಿಕ್ರಿಯೆಯಂತೆ. ಮುಂದಿನ ಸೀಸನ್‌ನಲ್ಲಿ ‘ಚರ್ಚಿನ ಬಣ್ಣದ ಕಿಟಕಿಗಳು’, ಮೂಲ ಕಿಟಕಿಗಳ ಹೈ-ಡೆಫಿನಿಷನ್ ದೃಶ್ಯಗಳೊಂದಿಗೆ.

ಟಿಕೆಟ್ ತಗೊಂಡೆ. ಯಾವ ಕಿಟಕಿ ತೋರಿಸ್ತಾರೋ ನೋಡೇ ಬಿಡ್ತೀನಿ.