ಒಂದು ಕಲ್ಲು ಇದ್ರೂ ಸಾಕಿತ್ತು

‘ಫೋರ್‌ಗ್ರೌಂಡ್ ವೀಕ್ ಸರ್.’

ಇಷ್ಟು ಹೇಳಿ, ಫೋಟೋಗ್ರಫಿ ಗೊತ್ತಿರುವ ಆ ಹುಡುಗ ಫೋನ್ ವಾಪಸ್ ಕೊಟ್ಟ. ಮರವಂತೆಯಲ್ಲಿ ಸಂಜೆ ತೆಗೆದ ಫೋಟೋ ಅದು. ಮೋಡ ಚೆನ್ನಾಗಿತ್ತು, ಬೆಳಕು ಚೆನ್ನಾಗಿತ್ತು, ದಿಗಂತ ನೇರವಾಗಿಯೇ ಇತ್ತು. ಮೂರರ ಬಗ್ಗೆಯೂ ಒಂದು ಮಾತಿಲ್ಲ. ಮುಂದೆ ಏನಾದರೂ ಇರಬೇಕಿತ್ತಂತೆ. ಏನು ಅಂತ ಕೇಳಿದೆ. ‘ಏನಾದ್ರೂ. ಒಂದು ಕಲ್ಲು ಇದ್ರೂ ಸಾಕಿತ್ತು.’

ಮನೆಯವರನ್ನು ಕೇಳಿದರೆ ಈ ತಾಪತ್ರಯವಿಲ್ಲ. ಏನು ಕಳಿಸಿದರೂ ‘ಸೂಪರ್’. ಲೆನ್ಸ್ ಮೇಲೆ ಉಪ್ಪುನೀರಿನ ಹನಿ ಕೂತು ಅರ್ಧ ಚಿತ್ರ ಮಸುಕಾಗಿದ್ದಾಗಲೂ ಅತ್ತೆ ಸೂಪರ್ ಅಂದಿದ್ದರು. ಆದರೆ ಫೋಟೋ ಸುಧಾರಿಸಬೇಕು ಅಂದರೆ ಗೊತ್ತಿರುವವರಿಗೆ ತೋರಿಸಬೇಕು ಅನ್ನುತ್ತಾರಲ್ಲ. ತೋರಿಸಿದೆ. ಕಲ್ಲು ಸಿಕ್ಕಿತು.

ಈಗ ನೀವೇ ಹೇಳಿ, ಮರವಂತೆಯಲ್ಲಿ ಕಲ್ಲು ಎಲ್ಲಿಂದ ತರುವುದು? ಹೆದ್ದಾರಿ 66ರ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ. ಬಸ್ಸಿನಲ್ಲಿ ಹೋಗುವಾಗ ಯಾವ ಕಡೆ ನೋಡಬೇಕೋ ತಿಳಿಯುವುದಿಲ್ಲ. ಆದರೆ ಕಡಲಿಗೆ ಮುಖ ಮಾಡಿ ಕ್ಯಾಮೆರಾ ಹಿಡಿದರೆ ಕಾಣುವುದು ಮೂರೇ ಪಟ್ಟಿ: ಮರಳು, ನೀರು, ಆಕಾಶ. ಕಲ್ಲು ಇಲ್ಲ ಅಂತಲ್ಲ. ಕಡಲ್ಕೊರೆತ ತಡೆಯಲು ಲಾರಿಯಲ್ಲಿ ತಂದು ಸುರಿದ ಬಂಡೆಗಳಿವೆ. ಅವನ್ನು ಮುಂದಿಟ್ಟು ತೆಗೆದರೆ ಗುತ್ತಿಗೆದಾರರು ಬಿಲ್ಲಿಗೆ ಲಗತ್ತಿಸಬಹುದು, ಅಷ್ಟೆ.

ಕಲ್ಲೇ ಬೇಕೆಂದರೆ ಕಾಪುವಿಗೆ ಹೋಗಬೇಕು. 1901ರ ದೀಪಸ್ತಂಭ, ಅದರ ಬುಡಕ್ಕೆ ಬೇಕಾದಷ್ಟು ಬಂಡೆ. ಸೇಂಟ್ ಮೇರೀಸ್ ದ್ವೀಪದ ಶಿಲೆಗಳಂತೂ ಮೂಲೆ ಮೂಲೆಯಾಗಿ ಕಡೆದಿಟ್ಟ ಕಂಬಗಳೇ. ಆದರೆ ಅಲ್ಲಿ ಒಳ್ಳೆಯ ಬೆಳಕು ಬರುವ ಹೊತ್ತಿಗೆ ಮಲ್ಪೆಗೆ ಮರಳುವ ದೋಣಿ ಹತ್ತಬೇಕು. ಹಾಗಾಗಿ ಎಲ್ಲರೂ ಕಾಪುವಿಗೇ ಬರುತ್ತಾರೆ. ರಜೆಯ ಸಂಜೆ ಹೋಗಿ ನೋಡಿ, ಟ್ರೈಪಾಡುಗಳ ಸಾಲು. ಎಲ್ಲರದೂ ಮುಂದೆ ಬಂಡೆ, ಬದಿಗೆ ದೀಪಸ್ತಂಭ. ಲೆನ್ಸಿಗೆ ಕಪ್ಪು ಗಾಜು ಹಾಕಿ ಅರ್ಧ ನಿಮಿಷ ಶಟರ್ ತೆರೆದಿಡುತ್ತಾರೆ. ಅಷ್ಟರಲ್ಲಿ ನಾಲ್ಕಾರು ತೆರೆ ಬಂದು ಹೋಗಿ, ಎಲ್ಲ ಒಂದರೊಳಗೊಂದು ಕಲಸಿ, ಕಡಲು ಗಂಜಿ ತಿಳಿಯ ಹಾಗೆ ಕಾಣುತ್ತದೆ. ಅದಕ್ಕೆ ‘ಪ್ರಶಾಂತ’ ಅಂತ ಹೆಸರು. ನನಗೆ ಆ ಗಂಜಿ ಇಳಿಯುವುದಿಲ್ಲ. ಭೋರ್ಗರೆಯುವ ಕಡಲನ್ನು ಸುಮ್ನೆ ಕೂರಿಸಬೇಕು ಅನ್ನುವವರು ಕೆರೆದಂಡೆಗೆ ಹೋಗಬಹುದಲ್ವಾ?

ದಿಗಂತ ನಡುವೆ ಬರಬಾರದು ಅನ್ನುವ ಮೂರನೇ ಒಂದರ ಲೆಕ್ಕವಾದರೂ ಕ್ಯಾಮೆರಾದವರದ್ದೇ? ಅಲ್ಲ. ಲಂಡನ್ನಿನ ಜಾನ್ ಥಾಮಸ್ ಸ್ಮಿತ್ ಎಂಬ ಚಿತ್ರಕಾರ 1797ರಲ್ಲೇ ಅದನ್ನು ಬರೆದಿಟ್ಟ. ಆಕಾಶಕ್ಕೆ ಮೂರರಲ್ಲಿ ಎರಡು ಪಾಲು ಕೊಡಿ, ಇಲ್ಲವೇ ಒಂದು ಪಾಲು ಕೊಡಿ ಅಂತ. ಆಗ ಫೋಟೋಗ್ರಫಿ ಹುಟ್ಟಿಯೇ ಇರಲಿಲ್ಲ. ಪುಣ್ಯಾತ್ಮ ಇಂಗ್ಲೆಂಡಿನ ಹಳ್ಳಿಗಾಡಿನ ಚಿತ್ರಗಳ ಬಗ್ಗೆ ಹೇಳಿದ್ದನ್ನು ನಾವು ಈಗ ಮರವಂತೆ ಪಕ್ಕದ ತ್ರಾಸಿಯ ಮರಳಲ್ಲಿ ನಿಂತು ಪಾಲಿಸುತ್ತಿದ್ದೇವೆ.

ಇನ್ನೊಂದು ಸಲಹೆ ಬರುತ್ತದೆ: ‘ಮುಂದಿನ ಭಾನುವಾರ ಇದೇ ಟೈಮಿಗೆ ಹೋಗಿ, ಸ್ವಲ್ಪ ಎಡಕ್ಕೆ ನಿಂತು ತೆಗೀರಿ.’ ಹೇಳುವವರಿಗೆ ಏನು ಹೋಗಬೇಕು! ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ವಾರಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಈ ಭಾನುವಾರ ಸೂರ್ಯ ಮುಳುಗುವಾಗ ನೀರು ಇಳಿದಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಏರಿರುತ್ತದೆ. ಎಡಕ್ಕೆ ನಿಂತರೆ ಸೊಂಟದವರೆಗೆ ನೀರು.

ಅಂತೂ ಮುಂದಿಡಲಿಕ್ಕೆ ನನಗೂ ಒಂದು ದೋಣಿ ಸಿಕ್ಕಿತು. ನೀರಿನ ಅಂಚಿಗೇ ಎಳೆದು ಬಿಟ್ಟಿದ್ದ ಸಣ್ಣ ದೋಣಿ. ಹಿಂದೆ ಕೆಂಪು ಆಕಾಶ, ದೋಣಿ ಪೂರ್ತಿ ಕಪ್ಪು ನೆರಳು. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೇ ಬೀಳುವುದರಿಂದ ಸಂಜೆ ಎಲ್ಲವೂ ಕಪ್ಪಾಗಿಯೇ ಬರುತ್ತದೆ. ಅದೇ ಚೆಂದ ಅಂತ ನನ್ನ ನಂಬಿಕೆ. ಆ ಹುಡುಗನಿಗೆ ತೋರಿಸುವ ಮೊದಲು, ಚಹಾದ ಅಂಗಡಿಯಲ್ಲಿ ಪಕ್ಕ ಕೂತಿದ್ದ ಮೀನುಗಾರ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿದರು. ಆಕಾಶ ಪರದೆಯಿಂದಲೇ ಹೊರಗೆ ಹೋಯಿತು.

‘ಹ್ವಾಯ್, ಇದ್ ಯಾರ್ ದೋಣಿ? ಇಷ್ಟ್ ಕೆಳ್ಗೆ ಬಿಟ್ಟಿದ್ರಲ್ಲೆ ಮಾರ್ರೆ!’

ಫೋನ್ ಬೆಂಚಿನ ಮೇಲೆ ಕೈಯಿಂದ ಕೈಗೆ ಹೋಯಿತು. ಒಬ್ಬರು ಮೂತಿಯ ಬಾಗು ನೋಡಿ ಇಂಥವರದ್ದು ಅಂದರು. ಇನ್ನೊಬ್ಬರು ಅಲ್ಲ, ಅವರದು ಕಳೆದ ಮಳೆಗಾಲದಲ್ಲೇ ಒಡೆದಿದೆ ಅಂದರು. ಮೂರನೆಯವರು ಒಳಗೆ ಸುತ್ತಿಟ್ಟ ಹಗ್ಗವನ್ನೇ ನೋಡುತ್ತಾ ಕೂತರು. ಆ ಹಗ್ಗ ತನ್ನದು, ಕೇಳಿ ಒಯ್ದವನು ತಂದುಕೊಟ್ಟಿಲ್ಲ ಅಂತ ಅವರ ಅನುಮಾನ. ಕಪ್ಪು ನೆರಳಿನಲ್ಲಿ ಹಗ್ಗದ ಗುರುತು ಹೇಗೆ ಸಿಕ್ಕಿತೋ ದೇವರಿಗೇ ಗೊತ್ತು. ಫೋಟೋ ನಾಲ್ಕು ಜನಕ್ಕೆ ಫಾರ್ವರ್ಡ್ ಆಯಿತು. ನನ್ನ ಎರಡನೇ ಚಹಾ ಮುಗಿಯುವ ಮೊದಲೇ ದೋಣಿಯ ಯಜಮಾನರು ಬೈಕಿನಲ್ಲಿ ಬಂದಿಳಿದರು.

ಹಗ್ಗದ ಮಾತು ಅರ್ಧ ಗಂಟೆ ನಡೆಯಿತು. ಬಗೆಹರಿಯಲಿಲ್ಲ. ಆಮೇಲೆ ಯಜಮಾನರು ನನ್ನ ಕಡೆ ತಿರುಗಿದರು. ಫೋಟೋವನ್ನು ಬಹಳ ಹೊತ್ತು ನೋಡಿದರು. ಫೋಟೋ ಬಗ್ಗೆ ಗೊತ್ತಿರುವ ಯಾರೂ ನನ್ನ ಚಿತ್ರವನ್ನು ಇಷ್ಟು ಹೊತ್ತು ನೋಡಿದ್ದಿಲ್ಲ.

‘ಬಣ್ಣ ಹೊಡ್ಸಿ ತಿಂಗ್ಳ್ ಆಯ್ಲಿಲ್ಲ. ಕಪ್ಪ್ ಮಾಡಿದ್ರಿಯಲೆ?’

ಸೂರ್ಯ ಹಿಂದಿದ್ದಾಗ ಹಾಗೇ ಬರುವುದು ಎಂದು ವಿವರಿಸಲು ಹೋದೆ. ‘ಹಂಗಾರೆ ಬೆಳಿಗ್ಗೆ ತೆಗೀರಿ’ ಅಂದರು. ಬೆಳಿಗ್ಗೆ ಬಿಸಿಲು ತೆಂಗಿನ ತೋಟದ ಕಡೆಯಿಂದ ಬರುತ್ತದೆ, ಬಣ್ಣ ಎದ್ದು ಕಾಣುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ನೀರು ಎಲ್ಲಿಯವರೆಗೆ ಇರುತ್ತದೆ, ಎಲ್ಲ ಅವರೇ ಹೇಳಿದರು. ಮಗ ದುಬೈಯಲ್ಲಿದ್ದಾನಂತೆ, ಅವನಿಗೆ ಕಳಿಸಬೇಕಂತೆ. ದೋಣಿ ಸರಿಯಾಗಿ ನಡುವೆ ಬರಬೇಕು, ಅದರ ಮೇಲೆ ಬರೆಸಿದ ಹೆಸರು ಓದಲು ಬರಬೇಕು.

‘ಮತ್ತೆ ಸಮುದ್ರ?’ ಅಂದೆ.

‘ಅದ್ ಇಲ್ದಿದ್ರೂ ಅಡ್ಡಿಲ್ಲೆ.’